ಬ್ಯಾರನ್ನಿನೊಳಗೆ ಇಟ್ಟ ಪಿಟೀಲು

ಹೊಗೆಸೊಪ್ಪು ಬೇಯಿಸುವ ಮನೆಯಲ್ಲಿ ಬೆಳೆದವಳು ನಾನು. ಬ್ಯಾರನ್ನಿನ ಬಾಗಿಲಿಗೆ ಅಂಗೈ ಒತ್ತಿದರೆ ಸಾಕು, ಒಳಗಿನ ಸೊಪ್ಪು ಎಷ್ಟನೇ ದಿನದ್ದು, ಒಲೆಗೆ ಇನ್ನೂ ಸೌದೆ ಬೇಕೋ ಸಾಕೋ ಎಂದು ಹೇಳಬಲ್ಲೆ. ಅಪ್ಪ ಬಾಗಿಲ ಪಕ್ಕದ ಗೋಡೆಯ ಗೂಡಿನಲ್ಲಿ ಶಾಖ ಅಳೆಯುವ ಗಾಜಿನ ಕಡ್ಡಿ ಇಟ್ಟುಕೊಂಡಿದ್ದ. ಆದರೂ ಅದನ್ನು ನೋಡುವ ಮೊದಲು ನನ್ನನ್ನು ಕೇಳುತ್ತಿದ್ದ. ಈ ಮಾತನ್ನು ಮೊದಲೇ ಹೇಳುತ್ತಿದ್ದೇನೆ. ಏಕೆಂದರೆ ಮುಂದೆ ನಾನು ಆಡಿದ ಸುಳ್ಳು, ಒಲೆ ಉರಿಯುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ ಎಂಬುದು.

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನದು. ಮನೆಯ ಹಿಂದೆ ಕಿಟಕಿಯಿಲ್ಲದ ಎತ್ತರದ ಕೋಣೆ, ಅದೇ ಬ್ಯಾರನ್. ಹಸಿ ಸೊಪ್ಪನ್ನು ಉದ್ದನೆಯ ಕಡ್ಡಿಗಳಿಗೆ ದಾರದಲ್ಲಿ ಕಟ್ಟಿ ಒಳಗೆ ಸಾಲುಸಾಲಾಗಿ ನೇತುಹಾಕುತ್ತೇವೆ. ಹೊರಗಿನ ಒಲೆಯ ಬಿಸಿ ನೆಲದ ಮೇಲಿನ ಕಬ್ಬಿಣದ ಕೊಳವೆಗಳಲ್ಲಿ ಓಡಾಡಿ ಸೊಪ್ಪನ್ನು ಹಳದಿ ಮಾಡುತ್ತದೆ, ಆಮೇಲೆ ಒಣಗಿಸುತ್ತದೆ. ಕೊನೆಯ ಎರಡು ದಿನ ದಂಟು ಒಣಗಬೇಕು. ಆಗ ಬಾಗಿಲು ತೆರೆದರೆ ರೆಪ್ಪೆಯ ಕೂದಲು ಸುಟ್ಟಂತಾಗುತ್ತದೆ. ಒಮ್ಮೆ ಅವ್ವನ ಎಲೆಯಡಿಕೆಯ ಪ್ಲಾಸ್ಟಿಕ್ ಡಬ್ಬಿ ಸೆರಗಿನಿಂದ ಜಾರಿ ಕೊಳವೆಯ ಮೇಲೆ ಬಿದ್ದು ಕರಗಿ, ಇಡೀ ಬ್ಯಾರನ್ನಿನ ಸೊಪ್ಪು ಕಮಟು ಹಿಡಿಯಿತು. ಅಂದಿನಿಂದ ಅಪ್ಪ ಒಂದು ಕಟ್ಟುಪಾಡು ಮಾಡಿದ. ಒಳಗೆ ಹೋಗುವವರು ಬಾಗಿಲಲ್ಲಿ ನಿಂತು ಸೊಂಟ, ಜೇಬು, ಸೆರಗು ತಡವಿಕೊಳ್ಳಬೇಕು. ಕರಗುವುದು ಏನಿದ್ದರೂ ಗೂಡಿನಲ್ಲಿಟ್ಟು ಹೋಗಬೇಕು. ನನಗೆ ಅದು ಚಪ್ಪಲಿ ಬಿಡುವಷ್ಟೇ ಅಭ್ಯಾಸವಾಗಿತ್ತು.

ನಾನು ಓದಿದ್ದು ಏಳನೇ ತರಗತಿ. ತಂಗಿ ನನಗಿಂತ ನಾಲ್ಕು ವರ್ಷ ಚಿಕ್ಕವಳು. ಭೇರ್ಯದಲ್ಲಿದ್ದ ಚಿಕ್ಕಮ್ಮ ಒಬ್ಬಳನ್ನು ಕಳಿಸಿಕೊಡಿ, ಓದಿಸುತ್ತೇನೆ ಎಂದಾಗ ಅಪ್ಪ ನನ್ನ ಕಡೆ ನೋಡಿ, "ಇವ್ಳು ಓದ್ರೆ ಒಲೆ ನೋಡೋರ್ಯಾರು? ಚಿಕ್ಕೋಳ್ನ ಕರ್ಕಂಡೋಗು," ಅಂದ. ಆ ಹೊತ್ತಿಗೆ ನನ್ನ ಕೈ ಊರಿನ ದೊಡ್ಡ ಹೆಂಗಸರಿಗಿಂತ ಬೇಗ ಸೊಪ್ಪು ಕಟ್ಟುತ್ತಿತ್ತು. ಅಪ್ಪನ ಮಾತು ನನಗೆ ಹೊಗಳಿಕೆಯಂತೆ ಕೇಳಿಸಿ ಹೆಮ್ಮೆಪಟ್ಟೆ. ಅದು ಹೊಗಳಿಕೆಯಲ್ಲ ಎಂದು ತಿಳಿಯಲು ಬಹಳ ವರ್ಷ ಹಿಡಿಯಿತು. ತಿಳಿದ ಮೇಲೆ ಅಪ್ಪನ ಮೇಲೆ ಬರಬೇಕಾದ ಸಿಟ್ಟು ತಂಗಿಯ ಮೇಲೆ ಬಂತು.

ಚಿಕ್ಕಮ್ಮನ ಪಕ್ಕದ ಮನೆಯಲ್ಲಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದರು. ಸಂಜೆ ಪಿಟೀಲು ನುಡಿಸುತ್ತಿದ್ದರು. ತಂಗಿ ಅವರ ಜಗಲಿಯಲ್ಲಿ ಹೋಗಿ ಕೂರುತ್ತಿದ್ದಳು, ಕೂತು ಕೂತು ಶಿಷ್ಯೆಯಾದಳು. ಹತ್ತನೇ ತರಗತಿ ಮುಗಿಸಿದಾಗ ಮೇಷ್ಟ್ರು ತಮ್ಮ ಹಳೆಯ ಪಿಟೀಲನ್ನೇ, ಅದರ ಮರದ ಪೆಟ್ಟಿಗೆಯ ಸಮೇತ, ಅವಳಿಗೆ ಕೊಟ್ಟರು. ರಜೆಗೆ ಬಂದಾಗ ಅವಳು ಜಗಲಿಯಲ್ಲಿ ಚಾಪೆ ಹಾಕಿ, ಪಿಟೀಲಿನ ತಲೆಯನ್ನು ಕಾಲಿನ ಗಿಣ್ಣಿಗೆ ಆನಿಸಿಕೊಂಡು, ಒಂದೇ ವರಸೆಯನ್ನು ನೂರು ಸಲ ನುಡಿಸುತ್ತಿದ್ದಳು. ನಾನು ಎದುರಿಗೆ ಕೂತು ಸೊಪ್ಪು ಕಟ್ಟುತ್ತಿದ್ದೆ. ಕಮಾನಿಗೆ ತಿಕ್ಕುವ ಜೇನುಬಣ್ಣದ ರಾಳದ ಉಂಡೆಯನ್ನು ಒಂದು ಸಲ ಅವಳು ಬಿಸಿಲಲ್ಲಿ ಮರೆತಿದ್ದಳು. ಅದು ಬಟ್ಟೆಗೆಲ್ಲ ಅಂಟಿ ಹರಿಯಿತು. ನಾನೇ ಸೀಮೆಎಣ್ಣೆ ಹಾಕಿ ಉಜ್ಜಿ ತೆಗೆದೆ.

ಮೈಸೂರಿಗೆ ಕಾಲೇಜಿಗೆ ಹೋದ ಮೇಲೆ ತಂಗಿ ಕೂತು ನುಡಿಸುವುದನ್ನು ಬಿಟ್ಟು ನಿಂತಳು. ನಿಂತವಳು ಕುಣಿದಳು. ಗೆಳತಿಯೊಬ್ಬಳು ಲ್ಯಾಪ್‌ಟಾಪ್‌ನಲ್ಲಿ ಎದೆ ನಡುಗಿಸುವ ತಾಳ ಹಾಕುತ್ತಿದ್ದಳು. ಇವಳು ಪಿಟೀಲಿಗೆ ಬೆರಳಿನಷ್ಟು ಚಿಕ್ಕ ಮೈಕ್ ಸಿಕ್ಕಿಸಿಕೊಂಡು, ಮೇಷ್ಟ್ರು ಹೇಳಿಕೊಟ್ಟ ವರ್ಣವನ್ನು ಆ ತಾಳದ ಮೇಲೆ ಓಡಿಸುತ್ತಾ, ಅವ್ವ ಕಲಿಸಿದ ಕೋಲಾಟದ ಹೆಜ್ಜೆ ಹಾಕುತ್ತಿದ್ದಳು. ಮೇಷ್ಟ್ರು ಬೈಯುತ್ತಾರೆ ಎಂದುಕೊಂಡಿದ್ದೆವು. ಅವರು ಫೋನಿನಲ್ಲಿ ಎರಡು ಸಲ ನೋಡಿ, "ಕುಣಿ, ಬೇಡ ಅನ್ನಲ್ಲ. ಕಾಲು ತಪ್ಪಿದ್ರೆ ಜನ ನಗ್ತಾರೆ. ಶ್ರುತಿ ತಪ್ಪಿದ್ರೆ ನಾನು ಅಳ್ತೀನಿ, ನೆನಪಿರಲಿ," ಎಂದರಂತೆ.

ಊರಿನವರು ಮೇಷ್ಟ್ರ ಹಾಗಲ್ಲ. ಹುಣಸೂರಿನಲ್ಲಿ ಅವಳು ಕುಣಿದದ್ದನ್ನು ಯಾರೋ ಫೋನಿನಲ್ಲಿ ಹಿಡಿದು ಎಲ್ಲರಿಗೂ ಹಂಚಿದರು. ಆ ತಿಂಗಳಲ್ಲೇ ನನಗೆ ನಿಶ್ಚಯವಾಗಿದ್ದ ಒಂದು ಸಂಬಂಧ ಮುರಿಯಿತು. ಹೇಳಲು ಬಂದ ನೆಂಟರವನು ಜಗಲಿಯಲ್ಲಿ ಕೂತು ಕಾಫಿ ಕುಡಿದೇ ಹೇಳಿದ: "ಎಣ್ಣಿನ ಮೇಲೆ ಏನೂ ಇಲ್ಲ ಕಣವ್ವ. ಆದ್ರೆ ಮನೇಲಿ ಒಂದು ಡೀಜೆ ಅದಲ್ಲ, ಅದ್ಕೆ ಇಂದೆಗೆದ್ರು." ಆಗ ನನಗೆ ಇಪ್ಪತ್ತಾರು ತುಂಬಿತ್ತು.

ಆಷಾಢ ಕಳೆಯಿತು. ಅಂತರಸಂತೆಯ ಕಡೆಯಿಂದ ಇನ್ನೊಂದು ಸಂಬಂಧ ಬಂತು. ಶುಕ್ರವಾರ ನೋಡಲು ಬರುತ್ತೇವೆ ಎಂದರು. ಅದರ ಎರಡನೇ ದಿನ, ಭಾನುವಾರ, ತಂಗಿಯ ಕಾರ್ಯಕ್ರಮ ಮೈಸೂರಿನಲ್ಲಿತ್ತು. ಅಲ್ಲಿಯವರೆಗೆ ಬೇರೆಯವರ ತಂಡದಲ್ಲಿ ಐದು ನಿಮಿಷ ಬಂದು ಹೋಗುತ್ತಿದ್ದವಳಿಗೆ ತಾನೇ ಕಟ್ಟಿದ್ದನ್ನು ಪೂರ್ತಿ ನುಡಿಸಲು ಸಿಕ್ಕ ಮೊದಲ ವೇದಿಕೆ. "ಅಕ್ಕನ್ನ ನೋಡಕೆ ಬರೋವಾಗ ನೀನಿಲ್ದಿದ್ರೆ ಎಂಗೆ?" ಎಂದು ಅವ್ವ ಕರೆದದ್ದಕ್ಕೆ ಅವಳು ಗುರುವಾರವೇ ಪಿಟೀಲು ಹೊತ್ತುಕೊಂಡು ಬಂದಳು.

ಶುಕ್ರವಾರ ಬ್ಯಾರನ್ನಿನಲ್ಲಿ ದಂಟು ಒಣಗುವ ಶಾಖ. ಬೆಳಗ್ಗೆ ಎದ್ದ ಕೂಡಲೇ ಒಲೆಗೆ ಸೌದೆ ಹಾಕಿದವಳು ನಾನು. ತಂಗಿ ಅಂಗಳದಲ್ಲಿ ಚಿಕ್ಕ ಸ್ಪೀಕರ್ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದಳು.

"ಅದ್ನ ಎತ್ತಿಡಮ್ಮಿ, ಅವ್ರು ಬರೋ ಒತ್ತಾಯ್ತು," ಅಂದಳು ಅವ್ವ.

"ಬರ್ಲಿ ಬುಡವ್ವ, ಭಾವಂಗೂ ಎರಡು ಹೆಜ್ಜೆ ಕಲಿಸ್ತೀನಿ," ಎಂದು ತಂಗಿ ನಕ್ಕಳು.

ನಾನು ನಗಲಿಲ್ಲ. ಅವಳು ಪೆಟ್ಟಿಗೆಯನ್ನು ಮಂಚದ ಮೇಲಿಟ್ಟು ಸ್ನಾನಕ್ಕೆ ಹೋದಳು. ನಾನು ಸೀರೆ ಉಟ್ಟು ತಯಾರಾಗಿದ್ದೆ. ರಸ್ತೆಯಲ್ಲಿ ಕಾರು ತಿರುಗಿದ ಸದ್ದು ಕೇಳಿಸಿತು. ಇವರ ಕಣ್ಣಿಗೂ ಈ ಪೆಟ್ಟಿಗೆ ಬಿದ್ದರೆ ಮುಗಿಯಿತು ಎನ್ನಿಸಿತು. ಅಡಗಿಸಲು ಮನೆಯಲ್ಲಿ ಅಟ್ಟವಿತ್ತು, ಹಿತ್ತಲಲ್ಲಿ ಕೊಟ್ಟಿಗೆಯಿತ್ತು. ನಾನು ಪೆಟ್ಟಿಗೆ ಎತ್ತಿಕೊಂಡು ಹೋದದ್ದು ಬ್ಯಾರನ್ನಿಗೆ.

ಬಾಗಿಲಲ್ಲಿ ನಿಂತಾಗ ಕೈ ತನ್ನ ಅಭ್ಯಾಸದ ಕೆಲಸ ಮಾಡಿತು. ಪೆಟ್ಟಿಗೆ ತೆರೆದು ಆ ಚಿಕ್ಕ ಮೈಕನ್ನೂ ರಾಳದ ಡಬ್ಬಿಯನ್ನೂ ತೆಗೆದು ಗೂಡಿನಲ್ಲಿಟ್ಟೆ. ಆಮೇಲೆ ಬಾಗಿಲು ತೆರೆದೆ. ಮುಖಕ್ಕೆ ಬಿಸಿ ಬಡಿಯಿತು. ಪೆಟ್ಟಿಗೆಯನ್ನು ಒಳಗೆ ತಳ್ಳಿ ಬಾಗಿಲು ಹಾಕಿದೆ. ಒಂದು ಗಳಿಗೆ ಇದ್ದರೆ ಏನೂ ಆಗುವುದಿಲ್ಲ ಎಂದುಕೊಂಡೆ, ಅಷ್ಟೇ, ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಏನೂ ಆಗುವುದಿಲ್ಲ ಎಂದುಕೊಂಡವಳು ರಾಳವನ್ನು ಯಾಕೆ ತೆಗೆದಿಟ್ಟೆ?

ನಾಲ್ಕು ಜನ ಬಂದರು. ನನ್ನನ್ನು ಚಾಪೆಯ ಮೇಲೆ ಕೂರಿಸಿದರು. ಹುಡುಗನ ತಾಯಿ ಕೂತು ಉಸಿರು ಬಿಡುವ ಮೊದಲೇ ಅವ್ವನನ್ನು ಕೇಳಿದರು: "ಎಲ್ಲವ್ವ ನಿನ್ ಚಿಕ್ ಮಗ್ಳು? ಪೋನಲ್ಲಿ ನೋಡ್ದೆ ಕಣವ್ವ. ಪಿಟೀಲು ಇಡ್ಕಂಡು ಅದೆಂಗ್ ಕುಣೀತಾಳೆ! ಎಣ್ಣು ನೋಡಕೆ ಇವ್ರು ಮೂರು ಜನ ಸಾಕಾಗಿತ್ತು. ನಾನು ಬಂದದ್ದು ಅವಳ ಪಿಟೀಲು ಕೇಳನ ಅಂತ."

ಎಲ್ಲರೂ ನಕ್ಕರು. ತಂಗಿಯ ಮುಖ ಅರಳಿತು. "ಇರಿ, ತತ್ತೀನಿ," ಎಂದು ಒಳಗೆ ಓಡಿದಳು.

ಒಳಗಿನಿಂದ ಅವಳ ದನಿ ಬರುತ್ತಿತ್ತು. "ಅವ್ವ, ಪೆಟ್ಗೆ ಎಲ್ಲಿ?" "ಮಂಚದ ಮೇಲೇ ಇತ್ತಲ್ಲಮ್ಮಿ." ಪೆಟ್ಟಿಗೆಗಳು ಸರಿದ ಸದ್ದು. ಅಟ್ಟಕ್ಕೆ ಏಣಿ ಹಾಕಿದ ಸದ್ದು. ಕೊನೆಗೆ ಬಾಗಿಲ ಹತ್ತಿರ ಬಂದು ನನ್ನನ್ನೇ ಕೇಳಿದಳು, "ಅಕ್ಕ, ನೀನ್ ನೋಡ್ದ್ಯಾ?"

"ಇಲ್ಲ," ಅಂದೆ.

ನೋಡಲು ಬಂದಿರುವಾಗ ಹೆಣ್ಣು ಚಾಪೆಯಿಂದ ತಾನಾಗಿ ಏಳಬಾರದು. ಹಿರಿಯರು ಹೇಳಿದ ಮೇಲೆ ಎದ್ದು, ನಮಸ್ಕಾರ ಮಾಡಿ ಒಳಗೆ ಹೋಗಬೇಕು. ಆ ಪದ್ಧತಿಯನ್ನು ನಾನು ಆ ದಿನ ಹಿಡಿದುಕೊಂಡಷ್ಟು ಗಟ್ಟಿಯಾಗಿ ಯಾರೂ ಹಿಡಿದುಕೊಂಡಿರಲಾರರು. ಎದ್ದು ಹತ್ತು ಹೆಜ್ಜೆ ಹೋಗಿದ್ದರೆ ಆಗುತ್ತಿತ್ತು. ಅವ್ವನ ಕಿವಿಯಲ್ಲಿ ಒಂದು ಮಾತು ಹೇಳಿದ್ದರೂ ಆಗುತ್ತಿತ್ತು. ಉಪ್ಪಿಟ್ಟು ಬಂತು, ಕಾಫಿ ಬಂತು. ಹುಡುಗ "ಎಷ್ಟನೇ ಕ್ಲಾಸು?" ಎಂದು ಕೇಳಿದ. "ಏಳು" ಎಂದೆ. ನನ್ನ ಕಿವಿಯೆಲ್ಲ ಹಿತ್ತಲ ಕಡೆಗಿತ್ತು. ಈ ಶಾಖಕ್ಕೆ ಬೆರಳು ದಪ್ಪದ ದಂಟು ಕಟಕ್ಕೆಂದು ಮುರಿಯುತ್ತದೆ ಎಂದು ಬಲ್ಲವಳು ತಲೆ ತಗ್ಗಿಸಿಕೊಂಡು ಚಾಪೆಯ ಎಳೆ ಕೀಳುತ್ತಾ ಕೂತಿದ್ದೆ. ಪೆಟ್ಟಿಗೆಯನ್ನು ಗಾಬರಿಯಲ್ಲಿ ಒಳಗಿಟ್ಟೆ ಎಂದು ಯಾರಾದರೂ ಕ್ಷಮಿಸಬಹುದು. ಆ ಒಂದೂವರೆ ಗಂಟೆ ಕೂತದ್ದು ಗಾಬರಿಯಲ್ಲ.

"ಇರ್ಲಿ ಬುಡವ್ವ, ಮದ್ವೇಲಿ ಕೇಳ್ತೀವಿ," ಎಂದು ಹುಡುಗನ ತಾಯಿ ಎದ್ದರು. ಹಾಗೆ ಹೇಳಿದ್ದರಿಂದಲೇ ಸಂಬಂಧ ಕೂಡಿತು ಎಂದು ಎಲ್ಲರಿಗೂ ತಿಳಿಯಿತು.

ಕಾರು ಹೊರಟ ಕೂಡಲೇ ಹಿತ್ತಲಿಗೆ ಓಡಿದೆ. ಎಲ್ಲರೂ ಹಿಂದೆ ಬಂದರು. ಪೆಟ್ಟಿಗೆಯ ಮುಚ್ಚಳ ತೆರೆದಾಗ ಪಿಟೀಲಿನ ಮುಂದಿನ ಹಲಗೆ ಒಂದು ಪಕ್ಕ ಬಾಯಿಬಿಟ್ಟಿತ್ತು. ನಡುವೆ ಗೇಣುದ್ದದ ಬಿರುಕು. ಬಣ್ಣ ಬೊಬ್ಬೆ ಎದ್ದಿತ್ತು. ತಂಗಿ ಅದನ್ನು ಎತ್ತಿ ಮೆಲ್ಲಗೆ ಅಲ್ಲಾಡಿಸಿದಳು. ಒಳಗೆ ಏನೋ ಬಿದ್ದು ಗುಡುಗುಡು ಎಂದಿತು. ಅವಳು ಅಳಲಿಲ್ಲ. ಮತ್ತೊಂದು ಸಲ ಅಲ್ಲಾಡಿಸಿ ಕೇಳಿದಳು.

"ಬೆಂಕಿ ಆರೋಯ್ತು ಅನ್ಕಂಡೆ," ಅಂದೆ. "ಬಂದೋರ ಕೈಗೆ ಸಿಕ್ಕಿ ಏನಾರ ಆಗ್ಬುಟ್ಟಾತು ಅಂತ ಇಲ್ಲಿಟ್ಟೆ. ಆಮೇಲೆ ಅವ್ರ ಮುಂದೆ ಕೂತು ಏನೂ ತೋಚ್ನಿಲ್ಲ."

ಅಪ್ಪ ಹಣೆ ಬಡಿದುಕೊಂಡ. "ನಂದೇ ತಪ್ಪು ಕಣವ್ವ. ಒಂಬತ್ತು ಗಂಟೆಗೆ ಬಂದು ನಾನೇ ಸೌದೆ ತುಂಬ್ದೆ. ಇವ್ಳಿಗೆ ಒಂದ್ ಮಾತು ಏಳ್ನಿಲ್ಲ. ನನ್ ಕೈಯಾರ ಸುಟ್ಟೆ ನಿನ್ ಪಿಟೀಲ."

ಅಪ್ಪ ನಿಜವಾಗಿಯೂ ಹಾಗೆಯೇ ನಂಬಿದ್ದ. ಅವನಿಗಿಂತ ಮೊದಲೇ ಒಲೆಗೆ ನಾನು ಸೌದೆ ಹಾಕಿದ್ದು ಅವನಿಗೆ ಗೊತ್ತಿರಲಿಲ್ಲ. ಅವನು ತನ್ನ ಮೇಲೆ ಎಳೆದುಕೊಂಡ ತಪ್ಪಿನ ಹಿಂದೆ ನಾನು ಸುಮ್ಮನೆ ನಿಂತುಕೊಂಡೆ. ಸಂಜೆ ಗೂಡಿನಲ್ಲಿದ್ದ ಮೈಕನ್ನೂ ರಾಳವನ್ನೂ ತೆಗೆದು ಮಂಚದ ಕೆಳಗೆ ಹಾಕೋಣವೆಂದು ಹೋದೆ. ಗೂಡಿನಲ್ಲಿ ಗಾಜಿನ ಕಡ್ಡಿ ಮಾತ್ರ ಇತ್ತು.

ಯಾರು ತೆಗೆದರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಆ ಭಾನುವಾರ ತಂಗಿ ಮೈಸೂರಿಗೆ ಹೋಗಲಿಲ್ಲ. ಬೇರೆ ಪಿಟೀಲು ಕೇಳಿ ತಂದು ಕೈ ಕೂಡಿಸಲು ಎರಡು ದಿನ ಸಾಲದು ಎಂದಳು. ಶನಿವಾರವೇ ಕೃಷ್ಣರಾಜನಗರದ ಬಸ್ಸು ಹತ್ತಿ ಭೇರ್ಯಕ್ಕೆ ಹೋಗಿ ಪಿಟೀಲನ್ನು ಮೇಷ್ಟ್ರ ಮುಂದಿಟ್ಟಳು. ಅಂಟು ಬಿಟ್ಟಿರುವುದನ್ನು ಅಂಟಿಸಬಹುದು, ಬಿರುಕನ್ನು ಮುಚ್ಚಬಹುದು, ಮೊದಲಿನ ದನಿ ಮಾತ್ರ ಬರುವುದಿಲ್ಲ ಎಂದರಂತೆ ಅವರು. ಅದನ್ನು ಸರಿಮಾಡಲು ಅವರಿಗೆ ನಾಲ್ಕು ತಿಂಗಳು ಹಿಡಿಯಿತು. ನನ್ನ ಮದುವೆಯಲ್ಲಿ ಪಿಟೀಲು ಇರಲಿಲ್ಲ. "ನಮ್ಗಿನ್ನೂ ಒಂದ್ ಪಿಟೀಲು ಬಾಕಿ ಅದೆ," ಎಂದು ಅತ್ತೆ ಈಗಲೂ ತಮಾಷೆ ಮಾಡುತ್ತಾರೆ. ಪ್ರತಿ ಸಲವೂ ನಾನು ಎದ್ದು ಅಡುಗೆಮನೆಗೆ ಹೋಗುತ್ತೇನೆ.

ಮುಂದಿನ ವರ್ಷ ಗಿಡದಿಂದ ಸೊಪ್ಪು ಮುರಿಯುವ ಕಾಲಕ್ಕೆ ನಾನು ತವರಿಗೆ ಹೋಗಿದ್ದೆ. ತಂಗಿಯೂ ಬಂದಳು. ನಾನು ಸೊಪ್ಪು ಕಟ್ಟುತ್ತಿದ್ದ ಕಡೆ ಒಂದು ಮೈಕನ್ನು ಕಲ್ಲಿಗೆ ಒರಗಿಸಿಟ್ಟು, "ನೀನ್ ಕಟ್ತಾ ಇರು ಅಕ್ಕ, ಮಾತಾಡ್ಬೇಡ," ಅಂದಳು. ಮೂರು ಎಲೆ ಹಿಡಿದು ತಟ್ಟುವುದು, ದಾರ ಸರ್ರೆಂದು ಎಳೆಯುವುದು, ಕಡ್ಡಿಗೆ ಬಡಿದು ಬಿಗಿ ಮಾಡುವುದು. ಒಂದು ಗಂಟೆ ಆ ಸದ್ದನ್ನು ಹಿಡಿದುಕೊಂಡಳು. ಅವಳು ಪಿಟೀಲು ಪೆಟ್ಟಿಗೆ ತೆರೆದದ್ದು ಕಂಡು ಅಪ್ಪ ಟವೆಲ್ ಕೊಡವಿ ಹೊಲದ ಕಡೆ ಹೊರಟ. ಆ ಶುಕ್ರವಾರದಿಂದ ಅಪ್ಪ ಅವಳ ಪಿಟೀಲು ಕೇಳಿರಲಿಲ್ಲ. ಪೆಟ್ಟಿಗೆ ಕಂಡರೆ ಸಾಕು, ಎದ್ದು ಹೋಗುತ್ತಿದ್ದ. ಹಿಂದೆ ಅವಳು ವರಸೆ ನುಡಿಸುವಾಗ ಜಗಲಿಯ ಕಂಬಕ್ಕೆ ಒರಗಿ ಕಣ್ಣು ಮುಚ್ಚುತ್ತಿದ್ದವನು ಅವನು.

ಆ ಚಳಿಗಾಲ ಹುಣಸೂರಿನ ಒಂದು ಶಾಲೆಯ ಮೈದಾನದಲ್ಲಿ ಸಂಜೆ ಅವಳ ಕಾರ್ಯಕ್ರಮವಿತ್ತು. ಅವ್ವ, ಅತ್ತೆ, ನಾನು ಹೋದೆವು. ಅಪ್ಪ ಬರಲಿಲ್ಲ. "ಒಲೆ ನೋಡೋರಿಲ್ಲ," ಅಂದ. ಸೊಪ್ಪು ಮಾರಿ ತಿಂಗಳಾಗಿತ್ತು, ಬ್ಯಾರನ್ ತಣ್ಣಗಿತ್ತು. ಅವ್ವ ನನ್ನ ಮುಖ ನೋಡಿದಳು. ನಾನು ಬೇರೆ ಕಡೆ ನೋಡಿದೆ.

ಮೊದಲು ಸ್ಪೀಕರಿನಿಂದ ಬಂದದ್ದು ಪಿಟೀಲಲ್ಲ. ತಟ್, ಸರ್, ಟಕ್. ತಟ್, ಸರ್, ಟಕ್. "ಇದೇನವ್ವ, ಸೊಪ್ಪು ಕಟ್ದಂಗೇ ಅದಲ್ಲ!" ಎಂದು ಅತ್ತೆ ನನ್ನ ತೊಡೆ ಚಿವುಟಿದರು. ಅದು ಮೈದಾನದಷ್ಟು ದೊಡ್ಡದಾಗಿ ನನ್ನೆದುರು ಬಡಿಯುತ್ತಿದ್ದ ನನ್ನದೇ ಕೈ. ಅದರ ಕೆಳಗೆ ಲ್ಯಾಪ್‌ಟಾಪಿನ ಗುಡುಗು ಸೇರಿತು. ಆಮೇಲೆ ತಂಗಿ ಕಾಲಿನಲ್ಲಿ ಹೆಜ್ಜೆ ಹಾಕುತ್ತಾ ವರ್ಣ ಎತ್ತಿಕೊಂಡಳು. ಮೇಲಿನ ಸ್ವರಕ್ಕೆ ಹೋದಾಗಲೆಲ್ಲ ಪಿಟೀಲಿನಲ್ಲಿ ದುಂಬಿ ಸಿಕ್ಕಿಕೊಂಡಂಥ ಒಂದು ಸಣ್ಣ ಗುಂಯ್ ಕೇಳಿಸುತ್ತಿತ್ತು. ಜನ ಎದ್ದು ನಿಂತು ಕುಣಿಯುತ್ತಿದ್ದರು. ಆ ಬಿರುಕಿನ ಸದ್ದು ನನಗಲ್ಲದೆ ಇನ್ಯಾರಿಗೂ ಕೇಳಿಸಿರಲಾರದು.

ಮುಗಿದ ಮೇಲೆ ಅವಳು ಮೈಕಿನಲ್ಲಿ, "ಈ ತಾಳ ನಮ್ಮಕ್ಕನ ಕೈದು. ಅಲ್ಲಿ ಕೂತವ್ಳೆ," ಅಂದಳು. ಜನ ತಿರುಗಿ ಚಪ್ಪಾಳೆ ತಟ್ಟಿದರು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ನಾಚಿಕೊಂಡಳು ಎಂದು ಅತ್ತೆ ನಕ್ಕರು.

ಜನ ಕರಗಿದ ಮೇಲೆ ವೇದಿಕೆಯ ಹಿಂದೆ ಹೋದೆ. ತಂಗಿ ವೈರು ಸುತ್ತುತ್ತಿದ್ದಳು. ನಾನೂ ಒಂದು ತುದಿ ಹಿಡಿದು ಸುತ್ತತೊಡಗಿದೆ. ಹೇಳಲು ಬೇರೆ ಹೊತ್ತು ಸಿಗುವುದಿಲ್ಲ ಎನ್ನಿಸಿತು.

"ಅವತ್ತು ಒಲೆ ಉರೀತಿದ್ದದ್ದು ನಂಗೊತ್ತಿತ್ತು ಕಣಮ್ಮಿ. ಬೆಳಗ್ಗೆ ಸೌದೆ ಹಾಕಿದ್ದೇ ನಾನು."

ಅವಳ ಕೈ ನಿಲ್ಲಲಿಲ್ಲ. "ಗೊತ್ತು. ಗೂಡಲ್ಲಿ ರಾಳದ ಡಬ್ಬಿ ಇತ್ತಲ್ಲ."

"ಮತ್ತೆ ಯಾಕೆ ಕೇಳ್ನಿಲ್ಲ?"

"ನೀನೇ ಹೇಳ್ತೀಯ ಅನ್ಕೊಂಡೆ. ಮದ್ವೆ ಆಗೋವರ್ಗೂ ಕಾದೆ. ಆಮೇಲೆ ಸೊಪ್ಪು ಕಟ್ಟೋವಾಗ ಒಂದ್ ಗಂಟೆ ನಿನ್ ಮುಂದೇನೇ ಕೂತಿದ್ದೆ. ಆಗ್ಲೂ ಹೇಳ್ಲಿಲ್ಲ."

"ಮಾತಾಡ್ಬೇಡ ಅಂದಿದ್ದೆ ನೀನು."

"ಮೈಕ್ ಆರಿಸಿದ ಮೇಲೆ ಮಾತಾಡ್ಬಹುದಿತ್ತು."

ನನಗೆ ಅಳು ಬಂತು. ಹಾಗಿದ್ದೂ ನನ್ನ ಕೈಯ ತಾಳವನ್ನು ಯಾಕೆ ತೆಗೆದುಕೊಂಡೆ ಎಂದು ಕೇಳಿದೆ. ಕ್ಷಮಿಸಿದ್ದೇನೆ ಎನ್ನುತ್ತಾಳೇನೋ ಎಂಬ ಆಸೆ ಇತ್ತು.

"ನಿನ್ ಕೈ ತಾಳ ಬಿಡಲ್ಲ. ಅದ್ಕೆ ತಗೊಂಡೆ," ಅಂದಳು. ಸುತ್ತಿದ ವೈರನ್ನು ಚೀಲಕ್ಕೆ ಹಾಕಿದಳು. "ನಂಗೆ ಹೇಳಿ ಹಗುರ ಮಾಡ್ಕೋಬೇಡ ಅಕ್ಕ. ಅಪ್ಪಂಗೆ ಹೇಳು. ಅಪ್ಪ ನನ್ ಪಿಟೀಲು ಕೇಳಿ ಒಂದೂವರೆ ವರ್ಷ ಆಯ್ತು."

ಅಂತರಸಂತೆಗೆ ಮರಳುವ ಬದಲು ಮರುದಿನ ಬೆಳಗ್ಗೆ ಅವ್ವನ ಜೊತೆ ಊರಿಗೆ ಹೋದೆ. ಅಪ್ಪ ಬ್ಯಾರನ್ನಿನ ಮುಂದೆ ಕೂತು ಕಡ್ಡಿಗಳಿಗೆ ಅಂಟಿದ ಹಳೆಯ ದಾರ ಬಿಡಿಸುತ್ತಿದ್ದ. ಎದುರಿಗೆ ಕೂತು ನಾನೂ ಒಂದು ಕಡ್ಡಿ ಎತ್ತಿಕೊಂಡೆ. ಹೇಳಿದೆ. ಬೆಳಗಿನ ಸೌದೆ, ಮೈಕು, ರಾಳ, ಚಾಪೆ, ಎಲ್ಲ.

ಒಂದು ಗಂಟು ಬಿಡಿಸಿ ಅಪ್ಪ ಕೇಳಿದ: "ಅವ್ಳಿಗೆ ಗೊತ್ತಾ?"

"ಗೊತ್ತು."

"ಯಾವತ್ತಿಂದ?"

"ಅವತ್ತಿಂದ್ಲೇ."

ಅಪ್ಪ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟ. ಸಿಟ್ಟಿನಲ್ಲಿ ಎಸೆಯಲಿಲ್ಲ, ಬೇರೆ ಕಡ್ಡಿಗಳ ಪಕ್ಕಕ್ಕೆ ನೇರವಾಗಿ ಇಟ್ಟ. ಎದ್ದು ಜಗಲಿಗೆ ಹೋಗಿ ಅವ್ವನ ಕೈಲಿ ಫೋನು ಹಚ್ಚಿಸಿಕೊಂಡ. ನನಗೆ ಕೇಳಿಸುತ್ತಿತ್ತು.

"ಯಾವಾಗಮ್ಮಿ ಬತ್ತೀಯ?... ಊಂ... ಬರೋವಾಗ ಆ ಪೆಟ್ಗೆ ತತ್ತೀಯಲ್ಲ?... ಆ ಡಬ್‌ಡಬ್ ತಾಳ ಇರ್ಲಿ, ಇಲ್ದಿರ್ಲಿ, ನಿನ್ನಿಷ್ಟ. ನಾನು ಎಲ್ಲೂ ಓಗಕಿಲ್ಲ, ಕೂತಿರ್ತೀನಿ."

ಆ ದಿನವೆಲ್ಲ ಅಪ್ಪ ನನ್ನೊಂದಿಗೆ ಮಾತಾಡಲಿಲ್ಲ. ಊಟಕ್ಕೂ ಕರೆಯಲಿಲ್ಲ. ಬಸ್ಸಿನ ಹೊತ್ತಿನವರೆಗೂ ನಾನು ಅಲ್ಲೇ ಕೂತು, ಅಪ್ಪ ಬಿಟ್ಟುಹೋದ ರಾಶಿಯ ದಾರವನ್ನೆಲ್ಲ ಬಿಡಿಸಿದೆ.